ದಾವಣಗೆರೆ, ಚಿತ್ರದುರ್ಗದಲ್ಲಿ ಪ್ಯಾರಾಮೆಡಿಕ್ ಆಗುವುದು: ಓದು, ನೋಂದಣಿ, ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ಪ್ಯಾರಾಮೆಡಿಕಲ್ ಕೋರ್ಸುಗಳ ಜಾಹೀರಾತು ಎಲ್ಲೆಡೆ ಕಾಣುತ್ತವೆ. ಕೆಲಸ ಗ್ಯಾರಂಟಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆ ಕೋರ್ಸ್ ಓದಿದವರ ಹೆಸರು ಯಾವ ರಿಜಿಸ್ಟರಿಗೆ ಹೋಗುತ್ತದೆ, ರೋಗಿಯ ಮೈಮೇಲೆ ಏನು ಮಾಡಲು ಅದು ಅಧಿಕಾರ ಕೊಡುತ್ತದೆ ಎನ್ನುವುದನ್ನು ಮಾತ್ರ ಬರೆದಿರುವುದಿಲ್ಲ. ಈ ಪುಟದ ಬಹುಪಾಲು ಉತ್ತರಗಳು ಆ ಎರಡು ವಿಷಯಗಳ ಸುತ್ತವೇ ಇವೆ.

ಪ್ಯಾರಾಮೆಡಿಕಲ್ ಓದಿದರೆ ಆಂಬುಲೆನ್ಸ್‌ನಲ್ಲಿ ಕೆಲಸ ಸಿಗುತ್ತದಾ?

ಎಲ್ಲ ಕೋರ್ಸಿಗೂ ಸಿಗುವುದಿಲ್ಲ. ನಮ್ಮ ಕಡೆ ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಕಣ್ಣಿನ ವಿಭಾಗ, ಮೆಡಿಕಲ್ ರೆಕಾರ್ಡ್ಸ್, ಹೆಲ್ತ್ ಇನ್‌ಸ್ಪೆಕ್ಟರ್ ಎಲ್ಲವನ್ನೂ ಪ್ಯಾರಾಮೆಡಿಕಲ್ ಎಂದೇ ಕರೆಯುತ್ತೇವೆ. ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ಮಾಡಿದವರ ಮುಖ್ಯ ಕೆಲಸ ರಕ್ತ, ಮೂತ್ರ, ಕಫದ ಪರೀಕ್ಷೆ. ಉಸಿರು ಕಟ್ಟಿದವರ ಗಂಟಲಿಗೆ ಸಕ್ಷನ್ (ಕಫ, ರಕ್ತ ಹೀರಿ ತೆಗೆಯುವ ಯಂತ್ರದ ಕೊಳವೆ) ಹಾಕುವುದನ್ನು ಅವರಿಗೆ ಕಲಿಸಿರುವುದಿಲ್ಲ. ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಾ ಘಟಕದ ಕೆಲಸ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್‌ನದು, ಅಂದರೆ ಸರಿಯಾದ ಅರ್ಥದ ಪ್ಯಾರಾಮೆಡಿಕ್‌ನದು.

ವ್ಯವಹಾರದಲ್ಲಿ ಒಂದು ದಾರಿ ಬಿಟ್ಟಿದ್ದಾರೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108 ಆರೋಗ್ಯ ಕವಚದಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿಎಸ್ಸಿ ನರ್ಸಿಂಗ್, ಜೀವವಿಜ್ಞಾನದ ಬಿಎಸ್ಸಿ, ಫಾರ್ಮಸಿ ಓದಿದವರನ್ನೂ ಇಎಂಟಿಯಾಗಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ತೆಗೆದುಕೊಂಡು, ತರಬೇತಿ ಕೊಟ್ಟು ಗಾಡಿ ಹತ್ತಿಸುವ ಪದ್ಧತಿ ಬೆಳೆದುಬಂದಿದೆ. ಹಾಗೆ ಬಂದವರಲ್ಲಿ ಅತ್ಯುತ್ತಮ ಕೆಲಸಗಾರರಿದ್ದಾರೆ. ಆದರೆ ಉದ್ಯೋಗದಾತರು ಕೊಟ್ಟ ತರಬೇತಿ ಬೇರೆ, ಕಾನೂನು ಒಪ್ಪುವ ವಿದ್ಯಾರ್ಹತೆ ಬೇರೆ.

ಲೈಸೆನ್ಸ್ ಕೊಡುವವರು ಯಾರು? ಬೋರ್ಡಾ, ಯೂನಿವರ್ಸಿಟಿಯಾ, ಸರ್ಕಾರವಾ?

ಮೂವರ ಕೆಲಸವೂ ಬೇರೆ ಬೇರೆ. ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡ್ ಡಿಪ್ಲೊಮಾ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಎಸ್ಸೆಸ್ಸೆಲ್ಸಿ ಮೇಲೆ 3 ವರ್ಷ, ಪಿಯುಸಿ ವಿಜ್ಞಾನದ ಮೇಲೆ 2 ವರ್ಷ ಎಂಬ ಲೆಕ್ಕ ನಡೆದುಕೊಂಡು ಬಂದಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಲೈಡ್ ಹೆಲ್ತ್ (ಪ್ಯಾರಾಮೆಡಿಕಲ್ ವಿಭಾಗಗಳಿಗೆ ಈಗಿನ ಹೆಸರು) ಬಿಎಸ್ಸಿ ಪದವಿ ಕೊಡುತ್ತದೆ: ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇವೆರಡೂ ವಿದ್ಯಾರ್ಹತೆಯೇ ಹೊರತು ಲೈಸೆನ್ಸ್ ಅಲ್ಲ.

ಲೈಸೆನ್ಸ್ ಎನ್ನಬಹುದಾದದ್ದು ರಿಜಿಸ್ಟರಿನಲ್ಲಿ ಹೆಸರು ಇರುವುದು. ಅದಕ್ಕಿರುವುದು 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ. ಇದರ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ಪರಿಷತ್ತು, ರಾಜ್ಯ ರಿಜಿಸ್ಟರ್, ಅದರ ಮೇಲೆ ಕೇಂದ್ರ ರಿಜಿಸ್ಟರ್. ಕಾಯ್ದೆಯ ಅನುಸೂಚಿಯಲ್ಲಿ ವೃತ್ತಿಗಳನ್ನು ಹತ್ತು ಗುಂಪು ಮಾಡಿದ್ದಾರೆ. ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಮತ್ತು ಅಡ್ವಾನ್ಸ್ ಕೇರ್ ಪ್ಯಾರಾಮೆಡಿಕ್ ಇಬ್ಬರೂ ಟ್ರಾಮಾ, ಸುಟ್ಟಗಾಯ, ಅರಿವಳಿಕೆ ಗುಂಪಿನಲ್ಲಿ ಬರುತ್ತಾರೆ. ನರ್ಸಿಂಗ್ ಮತ್ತು ಫಾರ್ಮಸಿ ಈ ಕಾಯ್ದೆಯಡಿ ಬರುವುದಿಲ್ಲ. ಅವರಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು, ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ಪ್ರತ್ಯೇಕವಾಗಿ ಇವೆ. ಹಾಗಾಗಿ ಜಿಎನ್‌ಎಂ ಓದಿ 108ರಲ್ಲಿ ಇಎಂಟಿ ಆಗಿರುವವರು ನರ್ಸಿಂಗ್ ನೋಂದಣಿಯನ್ನು ಯಾವ ಕಾರಣಕ್ಕೂ ಕೈಬಿಡಬಾರದು. ನಾಳೆ ಆಸ್ಪತ್ರೆ ಕೆಲಸಕ್ಕೆ ಹೋಗಲು ಬೇಕಾಗುವುದು ಅದೇ.

ಆರು ತಿಂಗಳ ಇಎಂಟಿ ಸರ್ಟಿಫಿಕೇಟ್ ಸಾಕಾಗುವುದಿಲ್ಲವಾ? ದೂರಶಿಕ್ಷಣದಲ್ಲಿ ಮಾಡಿದರೆ?

ಅಲೈಡ್ ಹೆಲ್ತ್ ವೃತ್ತಿಪರ ಎನಿಸಿಕೊಳ್ಳಲು ಡಿಪ್ಲೊಮಾ ಅಥವಾ ಪದವಿ ಬೇಕು, ಅದು 2ರಿಂದ 4 ವರ್ಷಗಳಲ್ಲಿ ಹರಡಿದ ಕನಿಷ್ಠ 2000 ಗಂಟೆಯದಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ 6 ಗಂಟೆ, ತಿಂಗಳಿಗೆ 25 ದಿನ, ಆರು ತಿಂಗಳು ತಪ್ಪದೆ ಹೋದರೂ 900 ಗಂಟೆ. ಅರ್ಧಕ್ಕೂ ಕಡಿಮೆ. ಕೌಶಲ ತರಬೇತಿಯಾಗಿ ಆ ಕೋರ್ಸಿಗೆ ಬೆಲೆ ಇದೆ, ಕೈ ಪಳಗುತ್ತದೆ, ಖಾಸಗಿ ಆಂಬುಲೆನ್ಸ್‌ನಲ್ಲಿ ಕೆಲಸವೂ ಸಿಗಬಹುದು. ಆದರೆ ಜೀವನಪೂರ್ತಿ ಇದೇ ವೃತ್ತಿ ಎಂದುಕೊಂಡಿರುವ ಹುಡುಗ ಹುಡುಗಿಯರು ಅದೊಂದನ್ನೇ ನೆಚ್ಚಿಕೊಳ್ಳಬಾರದು.

ದೂರಶಿಕ್ಷಣವಂತೂ ಬೇಡವೇ ಬೇಡ. ಈ ಕಾಯ್ದೆಯಡಿ ಬರುವ ಕೋರ್ಸುಗಳನ್ನು ದೂರ ಅಥವಾ ಆನ್‌ಲೈನ್ ಶಿಕ್ಷಣದಲ್ಲಿ ನಡೆಸಬಾರದು ಎಂದು ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದಲೇ ನಿಲ್ಲಿಸಿದೆ. ಬೇರೆ ರಾಜ್ಯದ ಹೆಸರು ಕೇಳದ ವಿಶ್ವವಿದ್ಯಾಲಯದ ಡಿಪ್ಲೊಮಾ, ಪರೀಕ್ಷೆಗೆ ಮಾತ್ರ ಬಂದರೆ ಸಾಕು ಎನ್ನುವ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ಆ ದುಡ್ಡು ಹೋದರೆ ಹೋಯಿತು, ವರ್ಷಗಳೂ ಹೋಗುತ್ತವೆ.

ಕಾಲೇಜಿಗೆ ಫೀಸು ಕಟ್ಟುವ ಮುಂಚೆ ಏನು ನೋಡಬೇಕು?

ಕಾಲೇಜಿಗೆ ಮಾನ್ಯತೆ ಇದೆಯಾ ಎಂದಷ್ಟೇ ಕೇಳಿದರೆ ಸಾಲದು. ಮಾನ್ಯತೆ ಸಿಗುವುದು ಕೋರ್ಸಿಗೆ, ಅದೂ ಇಂತಿಷ್ಟು ಸೀಟು ಎಂದು. ಒಂದೇ ಕಟ್ಟಡದಲ್ಲಿ ಲ್ಯಾಬ್ ಕೋರ್ಸಿಗೆ ಅನುಮತಿ ಇದ್ದು, ಪಕ್ಕದ ಕೋಣೆಯ ಡಯಾಲಿಸಿಸ್ ಕೋರ್ಸಿಗೆ ಇಲ್ಲದಿರಬಹುದು. ನೀವು ಸೇರುವ ಕೋರ್ಸಿನ ಹೆಸರು, ಈ ಸಾಲಿನ ವರ್ಷ, ಸೀಟಿನ ಸಂಖ್ಯೆ ಮೂರೂ ಇರುವ ಪತ್ರವನ್ನೇ ತೋರಿಸಲು ಕೇಳಿ, ಬೋರ್ಡ್ ಅಥವಾ ವಿಶ್ವವಿದ್ಯಾಲಯದ ಜಾಲತಾಣದ ಪಟ್ಟಿಗೆ ಹೋಲಿಸಿ ನೋಡಿ.

ಎರಡನೆಯದು ಆಸ್ಪತ್ರೆ. ತುರ್ತು ಚಿಕಿತ್ಸೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲಾಗುವುದಿಲ್ಲ. ಕಲಿಯುವವರು ಎಲ್ಲಿ, ವಾರಕ್ಕೆ ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ ಇರುತ್ತಾರೆ ಎಂದು ಕೇಳಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ, ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಜೊತೆಗಿರುವ ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಇಂಥ ದೊಡ್ಡ ತುರ್ತು ವಿಭಾಗದಲ್ಲಿ ನಿಂತು ಕಲಿತವರಿಗೂ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಹಾಜರಿ ಹಾಕಿಸಿಕೊಂಡವರಿಗೂ ಇರುವ ವ್ಯತ್ಯಾಸ ಮೊದಲ ರಾತ್ರಿ ಪಾಳಿಯಲ್ಲೇ ಗೊತ್ತಾಗುತ್ತದೆ. ಕಾಲೇಜು ಹೇಳುವ ಆಸ್ಪತ್ರೆಯ ಜೊತೆ ಲಿಖಿತ ಒಪ್ಪಂದ ಇದೆಯಾ ಎಂದೂ ನೋಡಿ.

ನೋಂದಣಿಗೆ ದಾಖಲೆ ಯಾವುವು? ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಪ್ರತಿ ವರ್ಷದ ಡಿಪ್ಲೊಮಾ ಅಥವಾ ಪದವಿ ಅಂಕಪಟ್ಟಿ, ಅಂತಿಮ ಪ್ರಮಾಣಪತ್ರ, ಇಂಟರ್ನ್‌ಶಿಪ್ ಮುಗಿಸಿದ ಪತ್ರ, ಆಧಾರ್, ಭಾವಚಿತ್ರ, ಕೆಲಸದಲ್ಲಿದ್ದರೆ ಅನುಭವ ಪತ್ರ ಇವನ್ನು ಒಂದೇ ಕಡತದಲ್ಲಿ ಇಡಿ. ಇವುಗಳ ಸ್ಕ್ಯಾನ್ ಪ್ರತಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ಓರೆಯಾಗಿ ಹೊಡೆಯದೆ ಸರಿಯಾಗಿ ಮಾಡಿಸಿಕೊಳ್ಳಿ.

ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಟಿ.’, ಆಧಾರ್‌ನಲ್ಲಿ ‘ಮಂಜುನಾಥ ತಿಪ್ಪೇಸ್ವಾಮಿ’, ಡಿಪ್ಲೊಮಾದಲ್ಲಿ ‘ಟಿ. ಮಂಜುನಾಥ್’. ನಮಗೆ ಮೂರೂ ಒಬ್ಬನೇ, ಕಂಪ್ಯೂಟರಿಗೆ ಮೂವರು. ಸರಿಪಡಿಸುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಆದ್ದರಿಂದ ಒಂದೊಂದು ಅಕ್ಷರವನ್ನೂ, ಚುಕ್ಕೆ ಮತ್ತು ಜಾಗವನ್ನೂ ನೋಡಿಕೊಂಡು ಸಲ್ಲಿಸಿ. ಬೋರ್ಡ್ ಅಥವಾ ವಿಶ್ವವಿದ್ಯಾಲಯದ ದಾಖಲೆಯ ತಪ್ಪನ್ನು ಮೊದಲ ವರ್ಷದ ಅಂಕಪಟ್ಟಿ ಕೈಗೆ ಬಂದಾಗಲೇ ಸರಿಮಾಡಿಸಿ. ಕೋರ್ಸ್ ಮುಗಿದ ಮೇಲೆ ಎಲ್ಲ ಅಂಕಪಟ್ಟಿಗೂ ಅರ್ಜಿ ಕೊಡಬೇಕಾಗುತ್ತದೆ.

ಇನ್ನೊಂದು ತೊಡಕು ಈ ಭಾಗಕ್ಕೇ ವಿಶೇಷ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರಿನಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ. ಹೊನ್ನಾಳಿ, ಚನ್ನಗಿರಿಯವರದ್ದು ಶಿವಮೊಗ್ಗ. ಹರಪನಹಳ್ಳಿಯವರ ಕಾಗದಗಳಲ್ಲಿ ಬಳ್ಳಾರಿ, ದಾವಣಗೆರೆ, ವಿಜಯನಗರ ಮೂರೂ ಸಿಗಬಹುದು. ಇಲ್ಲಿನ ಕಚೇರಿಗಳಲ್ಲಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಹೊರರಾಜ್ಯ, ಹೊರದೇಶದ ಪರಿಶೀಲನೆಯಲ್ಲಿ ಮಾತ್ರ ಹುಟ್ಟಿದ ಜಿಲ್ಲೆ ತಾಳೆಯಾಗುತ್ತಿಲ್ಲ ಎಂಬ ಟಿಪ್ಪಣಿ ಬೀಳುತ್ತದೆ. ಜಿಲ್ಲೆ ಬೇರ್ಪಟ್ಟಿದ್ದನ್ನು ವಿವರಿಸುವ ಒಂದು ಪುಟದ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿ ಅರ್ಜಿಗೆ ಲಗತ್ತಿಸಿ.

ಇಎಂಟಿ ತಾನಾಗಿಯೇ ಇಂಜೆಕ್ಷನ್ ಕೊಡಬಹುದಾ?

ಸ್ವಂತ ನಿರ್ಧಾರದ ಮೇಲೆ ಕೊಡುವಂತಿಲ್ಲ. ಒಂದೋ ಸಂಸ್ಥೆ ಲಿಖಿತವಾಗಿ ಕೊಟ್ಟ ಪ್ರೋಟೊಕಾಲ್ ಇರಬೇಕು, ಇಲ್ಲವೇ ಫೋನಿನಲ್ಲಿ ವೈದ್ಯರ ಆದೇಶ ಇರಬೇಕು. 108ರಲ್ಲಿ ಇದಕ್ಕೆಂದೇ ಕಾಲ್ ಸೆಂಟರಿನಲ್ಲಿ ಇಆರ್‌ಸಿಪಿ ಎಂದು ಕರೆಯುವ ವೈದ್ಯರಿರುತ್ತಾರೆ. ಆದೇಶ ಕೇಳುವಾಗ ವಯಸ್ಸು, ಮುಖ್ಯ ತೊಂದರೆ, ನಾಡಿ, ಬಿಪಿ, ಉಸಿರಿನ ಸಂಖ್ಯೆ, ಆಮ್ಲಜನಕದ ಪ್ರಮಾಣ, ಸಕ್ಕರೆ, ಪ್ರಜ್ಞೆ, ಔಷಧದ ಅಲರ್ಜಿ ಈ ಅನುಕ್ರಮದಲ್ಲಿ ಹೇಳಿ. ವೈದ್ಯರು ಹೇಳಿದ ಔಷಧ, ಪ್ರಮಾಣ, ಕೊಡುವ ದಾರಿ ಮೂರನ್ನೂ ನೀವು ತಿರುಗಿ ಹೇಳಿ ಹೌದು ಎನ್ನಿಸಿಕೊಂಡ ಮೇಲೆಯೇ ಸಿರಿಂಜ್ ಮುಟ್ಟಿ. ಗಾಡಿಯ ಸದ್ದಿನಲ್ಲಿ ಹದಿನೈದು ಐವತ್ತಾಗಿ ಕೇಳಿಸುವ ಅಪಾಯ ಇದ್ದೇ ಇದೆ.

ಊರಿಗೆ ಹೋದಾಗ ಅಕ್ಕಪಕ್ಕದವರು ಡ್ರಿಪ್ ಹಾಕಿಕೊಡು ಎನ್ನುತ್ತಾರೆ. ಹಾಕಬೇಡಿ. ಪ್ಯಾರಾಮೆಡಿಕ್ ನೋಂದಣಿ ಕ್ಲಿನಿಕ್ ನಡೆಸಲು, ಔಷಧ ಬರೆದುಕೊಡಲು ಪರವಾನಗಿ ಅಲ್ಲ.

ಪಾಳಿ ಶುರುವಾದಾಗ ಗಾಡಿಯಲ್ಲಿ ಮೊದಲು ಏನು ನೋಡಬೇಕು?

ಆಮ್ಲಜನಕ, ಸಕ್ಷನ್, ಆಂಬು ಬ್ಯಾಗ್ (ಕೈಯಿಂದ ಹಿಂಡಿ ಉಸಿರು ಕೊಡುವ ಚೀಲ). ಉಳಿದದ್ದು ಆಮೇಲೆ. ಗಂಟಲು ಮತ್ತು ಉಸಿರು ಉಳಿಸುವ ವಸ್ತು ಕೈಕೊಟ್ಟರೆ ಗಾಡಿಯಲ್ಲಿರುವ ಬೇರೆ ಯಾವುದೂ ರೋಗಿಗೆ ನೆರವಾಗುವುದಿಲ್ಲ.

ಸಿಲಿಂಡರ್ ತುಂಬಿದೆ ಎಂಬ ಮಾತಿಗೆ ಅರ್ಥವಿಲ್ಲ, ಎಷ್ಟು ನಿಮಿಷಕ್ಕೆ ಸಾಕು ಎಂದು ಗೊತ್ತಿರಬೇಕು. ಬಿ-ಟೈಪ್ ಸಿಲಿಂಡರಿನ ನೀರಿನ ಸಾಮರ್ಥ್ಯ ಸುಮಾರು 10 ಲೀಟರ್, ತುಂಬಿದಾಗ ಗೇಜ್ ಸುಮಾರು 150 ತೋರಿಸುತ್ತದೆ, ಅಂದರೆ 1500 ಲೀಟರ್ ಅನಿಲ. ದೊಡ್ಡ ಡಿ-ಟೈಪ್‌ನಲ್ಲಿ ಸುಮಾರು 7000 ಲೀಟರ್. ಈಗ ಬಿ-ಟೈಪ್‌ನ ಗೇಜ್ 70ರಲ್ಲಿದೆ ಎಂದುಕೊಳ್ಳಿ. ಕೊನೆಯ 20 ಅನ್ನು ಮೀಸಲು ಎಂದು ಬಿಡಿ, ಉಳಿದದ್ದು 50. ಅದನ್ನು 10ರಿಂದ ಗುಣಿಸಿದರೆ 500 ಲೀಟರ್. ನಾನ್-ರೀಬ್ರೀದರ್ ಮಾಸ್ಕಿನಲ್ಲಿ (ಚೀಲ ಜೋಡಿಸಿದ ಆಮ್ಲಜನಕದ ಮಾಸ್ಕ್) ನಿಮಿಷಕ್ಕೆ 10 ಲೀಟರ್ ಬಿಟ್ಟರೆ 50 ನಿಮಿಷ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್. ಟೋಲ್, ಊರೊಳಗಿನ ಸಿಗ್ನಲ್, ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರ್‌ಗೆ ಕಾಯುವುದು ಎಲ್ಲ ಸೇರಿ ಆ 50 ನಿಮಿಷ ಸಾಲುವುದಿಲ್ಲ. ಪ್ರಯಾಣದ ಸಮಯದ ಒಂದೂವರೆ ಪಟ್ಟಾದರೂ ಇರಬೇಕು ಎಂಬ ನಿಯಮ ಇಟ್ಟುಕೊಳ್ಳಿ. ಎರಡನೇ ಸಿಲಿಂಡರಿಗೆ ರೆಗ್ಯುಲೇಟರ್ ಬದಲಿಸುವ ಕೀಲಿ ಸಿಲಿಂಡರಿಗೇ ದಾರದಲ್ಲಿ ಕಟ್ಟಿರಲಿ. ಕೀಲಿ ಡ್ರೈವರ್ ಸೀಟಿನ ಕೆಳಗೆ ಸೇರಿಕೊಂಡಿದ್ದರೆ, ಓಡುವ ಗಾಡಿಯಲ್ಲಿ ಅದನ್ನು ಹುಡುಕುವ ಎರಡು ನಿಮಿಷ ಬಹಳ ದುಬಾರಿ. ರೆಗ್ಯುಲೇಟರಿನ ಎಳೆಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ಒತ್ತಡದ ಆಮ್ಲಜನಕದ ಜೊತೆ ಸೇರಿದರೆ ಅದು ಹೊತ್ತಿಕೊಳ್ಳುತ್ತದೆ.

ಸಕ್ಷನ್ ಯಂತ್ರ ಸದ್ದು ಮಾಡಿದರೆ ಕೆಲಸ ಮಾಡುತ್ತಿದೆ ಎಂದಲ್ಲ. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ, ಗೇಜಿನ ಮುಳ್ಳು ಏರುತ್ತದಾ ನೋಡಿ. ಏರದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಜಾಡಿಯ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ. ಆಂಬು ಬ್ಯಾಗ್‌ನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದು ಹಿಂಡಿ. ಗಾಳಿ ಸೋರಿದರೆ ಕವಾಟ ತಿರುಗುಮುರುಗಾಗಿದೆ ಅಥವಾ ಹರಿದಿದೆ. ತೊಳೆದು ಒಣಗಿಸಿ ಮತ್ತೆ ಜೋಡಿಸುವಾಗ ಆಗುವ ತಪ್ಪಿದು.

ಔಷಧದ ಪೆಟ್ಟಿಗೆಯಲ್ಲಿ ಅವಧಿ ನೋಡುವುದರ ಜೊತೆ ಬಿಸಿಲನ್ನೂ ನೆನಪಿಡಿ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ. ಏಪ್ರಿಲ್, ಮೇ ತಿಂಗಳಲ್ಲಿ ಚಳ್ಳಕೆರೆ, ಜಗಳೂರಿನ ಬಿಸಿಲಿಗೆ ನಿಂತ ಗಾಡಿಯೊಳಗೆ ದಿನವಿಡೀ ಬಿದ್ದಿದ್ದ ಆಂಪೂಲ್‌ನ ಅವಧಿ ಇನ್ನೂ ಒಂದು ವರ್ಷ ಇದ್ದರೂ ಅದನ್ನು ನಂಬಬಾರದು. ಸಕ್ಕರೆ ಪರೀಕ್ಷೆಯ ಪಟ್ಟಿಗಳೂ ಬಿಸಿಗೆ ಕೆಡುತ್ತವೆ.

ಹಾವು ಕಚ್ಚಿದ ಕರೆ ಬಂದರೆ?

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಹೊರಡಿ. ಕಚ್ಚಿದ ಕೈಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿ ಕಟ್ಟಿ ಅಲುಗಾಡದಂತೆ ಮಾಡಿ, ರೋಗಿಯನ್ನು ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ, ಉಡಿದಾರ ಊತ ಬರುವ ಮುಂಚೆ ತೆಗೆಯಿರಿ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲೇ ಸಮಯ ಬರೆಯಿರಿ. ಕೊಯ್ಯುವುದು, ಹೀರುವುದು, ಸೊಪ್ಪಿನ ರಸ ಹಚ್ಚುವುದು ಯಾವುದೂ ಬೇಡ.

ಮನೆಯವರು ಆಗಲೇ ಬಿಗಿಯಾಗಿ ಹಗ್ಗ ಕಟ್ಟಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ. ಕಟ್ಟಿನ ಕೆಳಗೆ ನಾಡಿ ಸಿಗುತ್ತದಾ ನೋಡಿ ವೈದ್ಯರಿಗೆ ಹೇಳಿ. ಒಮ್ಮೆಲೇ ಸಡಿಲಿಸಿದರೆ ತಡೆದಿಟ್ಟ ವಿಷ ಮೈಗೆ ನುಗ್ಗಿ ಉಸಿರು ನಿಲ್ಲಬಹುದು. ಅದನ್ನು ಎದುರಿಸುವ ಸಿದ್ಧತೆ ಇರುವ ಕಡೆಯೇ ಬಿಚ್ಚಬೇಕು.

ಕಟ್ಟುಹಾವಿನ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ, ನೋವಿಲ್ಲ, ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಕರೆ ಬರುತ್ತದೆ. ಕಣ್ಣಿನ ರೆಪ್ಪೆ ಜೋತುಬಿದ್ದಿದೆಯಾ ನೋಡಿ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿ, ಎಲ್ಲಿಗೆ ನಿಂತಿತು ಎಂದು ಬರೆದುಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಎಣಿಸಿ. 25ರಿಂದ 14ಕ್ಕೆ ಇಳಿದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದರ್ಥ, ಆಂಬು ಬ್ಯಾಗ್ ಕೈಗೆ ತೆಗೆದುಕೊಳ್ಳಿ. ವಯಸ್ಕರಿಗೆ ಆರು ಸೆಕೆಂಡಿಗೊಂದು ಉಸಿರು, ಎದೆ ಏರುವಷ್ಟು ಮಾತ್ರ.

ಆಸ್ಪತ್ರೆಯಲ್ಲಿ ಮಾಡುವ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಸ್ವಚ್ಛವಾದ ಒಣ ಗಾಜಿನ ಟ್ಯೂಬ್, 2 ಮಿಲಿ ರಕ್ತ ಬೇಕು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಅಥವಾ ಸೋಪಿನಿಂದ ತೊಳೆದ ಟ್ಯೂಬಿನಲ್ಲಿ ಮಾಡಿದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಲ್ಯಾಬ್ ಓದುತ್ತಿರುವವರು ಇದನ್ನು ಮರೆಯಬಾರದು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣ ಎಂದು ಘೋಷಿಸಿದೆ, ಹಾಗಾಗಿ ನೀವು ಬರೆಯುವ ಊರು, ಸಮಯದ ವಿವರಕ್ಕೆ ಈಗ ಇನ್ನಷ್ಟು ತೂಕ ಬಂದಿದೆ.

ಕ್ರಿಮಿನಾಶಕ ಕುಡಿದವರನ್ನು ಹೇಗೆ ಸಾಗಿಸಬೇಕು?

ಮೆಕ್ಕೆಜೋಳ, ಭತ್ತ, ಈರುಳ್ಳಿ ಬೆಳೆಯುವ ನಮ್ಮ ಹಳ್ಳಿಗಳಲ್ಲಿ ಔಷಧದ ಡಬ್ಬಿ ಮನೆಯ ಮೂಲೆಯಲ್ಲೇ ಇರುತ್ತದೆ. ಸೂಜಿಮೊನೆಯಷ್ಟು ಕಣ್ಣಪಾಪೆ, ಬಾಯಲ್ಲಿ ನೊರೆ, ಬೆವರು, ಬಟ್ಟೆಯಲ್ಲೇ ಮಲಮೂತ್ರ ಕಂಡರೆ ಆರ್ಗನೊಫಾಸ್ಫೇಟ್ ಗುಂಪಿನ ಕ್ರಿಮಿನಾಶಕ ಎಂದುಕೊಂಡೇ ನಡೆದುಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವವರನ್ನು ತಡೆಯಿರಿ. ಎಡಮಗ್ಗುಲಿಗೆ ಮಲಗಿಸಿ, ಸಕ್ಷನ್ ಮಾಡುತ್ತಲೇ ಇರಿ, ಒಂದು ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ಬೇಡ.

ಬಟ್ಟೆಯನ್ನು ಕತ್ತರಿಸಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈಯನ್ನು ಸೋಪು ನೀರಿನಿಂದ ಒರೆಸಿ. ಲೇಟೆಕ್ಸ್ ಕೈಗವಸಿನ ಮೂಲಕ ಈ ವಿಷ ಇಳಿಯುತ್ತದೆ, ನೈಟ್ರೈಲ್ ಹಾಕಿ. ಗಾಡಿಯ ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ಓಡಲಿ. ಡಬ್ಬಿಯನ್ನು ಲೇಬಲ್ ಸಮೇತ ತನ್ನಿ. ಊರಿನವರು ಹೇಳುವ ಹೆಸರು ಅಂಗಡಿಯ ಹೆಸರು, ವೈದ್ಯರಿಗೆ ಬೇಕಾಗುವುದು ಲೇಬಲ್‌ನ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರು. ರೋಗಿಯ ಎದುರು ಯಾಕೆ ಕುಡಿದೆ ಎಂದು ಗದರುವ ಸಂಬಂಧಿಕರನ್ನು ಮುಂದಿನ ಸೀಟಿಗೆ ಕಳಿಸಿ. ಆ ಮನುಷ್ಯನಿಗೆ ಆಗ ಬೇಕಾಗಿರುವುದು ಒಂದು ಸಮಾಧಾನದ ಮಾತು, ಅದನ್ನು ಹೇಳುವುದೂ ನಿಮ್ಮ ಕೆಲಸವೇ.

ಹೆದ್ದಾರಿ ಅಪಘಾತದಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಬೇಕಾ, ದೊಡ್ಡ ಆಸ್ಪತ್ರೆಗಾ?

ಹಿರಿಯೂರಿನಿಂದ ಹರಿಹರದವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪ್ರತಿಸಲ ಏಳುವ ಪ್ರಶ್ನೆ ಇದು. ಗಂಟಲು ತೆರೆದಿಡಲು ಆಗುತ್ತಿಲ್ಲ, ಅಥವಾ ರಕ್ತ ನಿಲ್ಲುತ್ತಿಲ್ಲ ಎಂದಾದರೆ ಅತ್ಯಂತ ಹತ್ತಿರದ, ವೈದ್ಯರಿರುವ ಆಸ್ಪತ್ರೆ. ಅವೆರಡೂ ಹಿಡಿತದಲ್ಲಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ಕಡಿಮೆಯಾಗುತ್ತಿದ್ದರೆ, ಸಿಟಿ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ಇರುವ ಕಡೆಗೆ ನೇರವಾಗಿ, ವೈದ್ಯರ ಜೊತೆ ಮಾತಾಡಿಕೊಂಡು. ಮಧ್ಯದಲ್ಲಿ ಒಂದು ಆಸ್ಪತ್ರೆಯಲ್ಲಿ ಇಳಿಸಿ, ಚೀಟಿ ಬರೆಸಿ, ಮತ್ತೆ ಹತ್ತಿಸುವುದರಲ್ಲಿ ಗಂಟೆ ಕಳೆಯುತ್ತದೆ. ಹೊರಟ ಕೂಡಲೇ ಆ ಆಸ್ಪತ್ರೆಗೆ ಫೋನ್ ಮಾಡಿ.

ಸ್ಥಳದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ಸಿಕ್ಕಿಹಾಕಿಕೊಂಡವರನ್ನು ಬಿಡಿಸುವ ಹೊತ್ತು ಬೇರೆ. ರಕ್ತಕ್ಕೆ ಮೊದಲು ನೇರ ಒತ್ತಡ. ನಿಲ್ಲದಿದ್ದರೆ ಗಾಯದಿಂದ 5–7 ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು ಟೂರ್ನಿಕೆ (ರಕ್ತ ತಡೆಯುವ ಬಿಗಿಪಟ್ಟಿ), ಕಟ್ಟಿದ ಸಮಯ ಅದರ ಮೇಲೇ ಬರೆಯಿರಿ. ಹೆಲ್ಮೆಟ್ ತೆಗೆಯಲು ಇಬ್ಬರು ಬೇಕು: ಒಬ್ಬರು ಕೆಳಗಿನಿಂದ ಕುತ್ತಿಗೆ ಮತ್ತು ದವಡೆ ಹಿಡಿಯಬೇಕು, ಇನ್ನೊಬ್ಬರು ಹೆಲ್ಮೆಟ್ ಅಗಲಿಸಿ ಎಳೆಯಬೇಕು. ಬಟ್ಟೆಯನ್ನು ಹೊಲಿಗೆಯ ಉದ್ದಕ್ಕೆ ಕತ್ತರಿಸಿ. ಚೂರಿ ಅಥವಾ ಗುಂಡಿನ ತೂತಿನ ಮೂಲಕ ಕತ್ತರಿ ಓಡಿಸಬೇಡಿ, ಆ ಬಟ್ಟೆ ಸಾಕ್ಷ್ಯ, ಎಸೆಯಬೇಡಿ.

ದುಡ್ಡಿಲ್ಲ ಎಂದು ಮನೆಯವರು ಹಿಂಜರಿದರೆ, ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, ರೂ. 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಿಂದ ಇದೆ ಎಂದು ತಿಳಿಸಿ. ಕರೆತಂದ ದಾರಿಹೋಕರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಆಂಬುಲೆನ್ಸ್‌ನಲ್ಲೇ ಹೆರಿಗೆಯಾಗುವ ಹಾಗಾದರೆ?

ಮಗುವಿನ ತಲೆ ಕಾಣುತ್ತಿದ್ದರೆ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಓಡುವ ಗಾಡಿಯಲ್ಲಿ ಜಾರುವ ಮಗುವನ್ನು ಹಿಡಿಯಲಾಗದು. ಹುಟ್ಟಿದ ಮಗುವನ್ನು ಒಣ ಬಟ್ಟೆಯಿಂದ ಒರೆಸಿ ತಾಯಿಯ ಎದೆಯ ಮೇಲೆ ಹಾಕಿ ಇಬ್ಬರನ್ನೂ ಹೊದಿಸಿ. ಒರೆಸಿದ ಮೇಲೂ ಅಳದಿದ್ದರೆ, ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಚಿಕ್ಕ ಆಂಬು ಬ್ಯಾಗ್‌ನಿಂದ ನಿಮಿಷಕ್ಕೆ 40–60ರಂತೆ ಉಸಿರು ಕೊಡಿ. ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲ ಎಂದು ಖಚಿತವಾದ ಮೇಲೆ, ಆದೇಶದಂತೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ. ಹೊರಬಂದ ಮಾಸನ್ನು ಚೀಲದಲ್ಲಿ ತಂದು ಆಸ್ಪತ್ರೆಗೆ ಒಪ್ಪಿಸಿ, ಪೂರ್ತಿ ಬಂದಿದೆಯಾ ಎಂದು ಅವರು ನೋಡಬೇಕು.

ಸ್ಥಳಕ್ಕೆ ಹೋದಾಗ ಜೀವವೇ ಇಲ್ಲ ಎನಿಸಿದರೆ?

ಸಾವನ್ನು ಘೋಷಿಸುವ ಅಧಿಕಾರ ವೈದ್ಯರಿಗೆ ಮಾತ್ರ. ನಾಡಿ, ಉಸಿರು ಇಲ್ಲದಿದ್ದರೆ ಎದೆ ಒತ್ತುವುದನ್ನು ಶುರು ಮಾಡಿ: ನಿಮಿಷಕ್ಕೆ 100–120, ಆಳ 5–6 ಸೆಂಟಿಮೀಟರ್, 30 ಒತ್ತಿಗೆ 2 ಉಸಿರು, ಎರಡು ನಿಮಿಷಕ್ಕೊಮ್ಮೆ ಕೈ ಬದಲು. ವೈದ್ಯರಿಗೆ ಫೋನ್ ಹಚ್ಚಿ. ದೇಹ ಬಿಗಿದುಕೊಂಡಿರುವುದು, ಕೊಳೆತಿರುವುದು ಕಂಡರೆ ಕಂಡದ್ದನ್ನು ಹಾಗೇ ವಿವರಿಸಿ ಅವರು ಹೇಳಿದಂತೆ ಮಾಡಿ. ಸತ್ತುಹೋಗಿದ್ದಾರೆ ಎಂದು ಮನೆಯವರಿಗೆ ನೀವಾಗಿ ಹೇಳಬೇಡಿ, ಏನೂ ಆಗಿಲ್ಲ ಎಂದು ಸುಳ್ಳೂ ಹೇಳಬೇಡಿ.

ಪಿಸಿಆರ್ ಫಾರಂ (ರೋಗಿಗೆ ಕೊಟ್ಟ ಆರೈಕೆಯ ದಾಖಲೆ) ಬರೆಯಲು ಅಷ್ಟು ಮಹತ್ವ ಯಾಕೆ?

ಎರಡು ವರ್ಷದ ನಂತರ ನ್ಯಾಯಾಲಯದಲ್ಲಿ ನಿಮ್ಮ ಪರವಾಗಿ ನಿಲ್ಲುವುದು ಆ ಹಾಳೆ ಒಂದೇ. ಕರೆ ಬಂದದ್ದು, ತಲುಪಿದ್ದು, ಹೊರಟದ್ದು, ಒಪ್ಪಿಸಿದ್ದು ನಾಲ್ಕು ಸಮಯವೂ ಇರಲಿ. ಕನಿಷ್ಠ ಎರಡು ಸಲದ ನಾಡಿ, ಬಿಪಿ ಇರಲಿ. ಕಂಡದ್ದನ್ನು ಬರೆಯಿರಿ, ಊಹೆಯನ್ನು ಬೇಡ. ‘ಕುಡಿದಿದ್ದಾನೆ’ ಎಂದಲ್ಲ, ‘ಬಾಯಿಯಿಂದ ಮದ್ಯದ ವಾಸನೆ, ಮಾತು ತೊದಲು, ಸಕ್ಕರೆ 48’ ಎಂದು. ಆ ಸಂಖ್ಯೆ ನೋಡಿದ ವೈದ್ಯರು ಮೊದಲು ಗ್ಲೂಕೋಸ್ ಕೊಡುತ್ತಾರೆ. ಕುಡುಕ ಎಂದಷ್ಟೇ ಬರೆದಿದ್ದರೆ ಮೂಲೆಯಲ್ಲಿ ಮಲಗಿಸಿಬಿಡುವ ಸಾಧ್ಯತೆ ಇದೆ. ಬರಲೊಪ್ಪದ ರೋಗಿಯ ಸಹಿ, ಸಾಕ್ಷಿಯ ಸಹಿ, ಅಪಾಯವನ್ನು ಕನ್ನಡದಲ್ಲೇ ವಿವರಿಸಿದ್ದೇವೆ ಎಂಬ ಸಾಲು ಮೂರೂ ಬೇಕು.

ಸೂಜಿ ಚುಚ್ಚಿಕೊಂಡರೆ?

ಸೋಪು ನೀರಿನಿಂದ ತೊಳೆಯಿರಿ, ಹಿಂಡಬೇಡಿ, ಬಾಯಿಗೆ ಹಾಕಬೇಡಿ. ಪಾಳಿ ಮುಗಿಯುವವರೆಗೆ ಕಾಯದೆ ಆಗಲೇ ಮೇಲಿನವರಿಗೆ ತಿಳಿಸಿ ಜಿಲ್ಲಾಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ಬಿಡದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಕೋರ್ಸಿನ ಮೊದಲ ವರ್ಷದಲ್ಲೇ 0, 1, 6 ತಿಂಗಳ ಲೆಕ್ಕದಲ್ಲಿ ಮುಗಿಸಿ, ಒಂದೆರಡು ತಿಂಗಳ ಮೇಲೆ ಪ್ರತಿಕಾಯ ಪರೀಕ್ಷೆ ಮಾಡಿಸಿ. 10ಕ್ಕಿಂತ ಕಡಿಮೆ ಬಂದರೆ ಲಸಿಕೆ ಹಿಡಿದಿಲ್ಲ. ಈ ಕೊನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡಿಸಿಕೊಳ್ಳುವುದೇ ಇಲ್ಲ.

ಎಲ್ಲ ಆಂಬುಲೆನ್ಸ್‌ನಲ್ಲೂ ಪ್ಯಾರಾಮೆಡಿಕ್ ಇರಲೇಬೇಕಾ?

ದೇಶದ ಆಂಬುಲೆನ್ಸ್ ಮಾನದಂಡ ಎಐಎಸ್-125 ಗಾಡಿಗಳನ್ನು ನಾಲ್ಕು ಬಗೆ ಮಾಡಿದೆ: ಎ ಎಂದರೆ ಮೊದಲ ನೆರವಿನ ವಾಹನ, ಬಿ ಎಂದರೆ ರೋಗಿ ಸಾಗಣೆ, ಸಿ ಎಂದರೆ ಬೇಸಿಕ್ ಲೈಫ್ ಸಪೋರ್ಟ್, ಡಿ ಎಂದರೆ ಅಡ್ವಾನ್ಸ್ಡ್ ಲೈಫ್ ಸಪೋರ್ಟ್. ಡಯಾಲಿಸಿಸ್ ಮುಗಿಸಿ ಮನೆಗೆ ಹೋಗುವವರಿಗೆ ಬಿ ಸಾಕು. ವೆಂಟಿಲೇಟರ್ ಮೇಲಿರುವವರನ್ನು ಬೆಂಗಳೂರಿಗೆ ಒಯ್ಯಲು ಡಿ ಗಾಡಿಯೇ ಬೇಕು, ಅದರಲ್ಲಿ ವೆಂಟಿಲೇಟರ್ ಬಲ್ಲವರು ಇರಬೇಕು. ಡ್ರೈವರ್ ಒಬ್ಬರೇ ಇರುವ ಗಾಡಿಯಲ್ಲಿ ಹಿಂದೆ ಕೂತ ರೋಗಿಯ ಉಸಿರು ನಿಂತರೆ ನೋಡುವವರಿಲ್ಲ. ಹಾಗಾಗಿ ಬಾಡಿಗೆ ಮಾತಾಡುವಾಗಲೇ ಹಿಂದೆ ಯಾರು ಕೂರುತ್ತಾರೆ, ಏನು ಓದಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ. ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ ರೂ. 10,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಎಕ್ಸ್‌ರೇ, ಲ್ಯಾಬ್ ಓದಿದವರಿಗೆ ಬೇರೆ ನಿಯಮಗಳಿವೆಯಾ?

ಎಕ್ಸ್‌ರೇಯವರು ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯುವ ಬಿಲ್ಲೆ) ಇಲ್ಲದೆ ಕೆಲಸಕ್ಕೆ ನಿಲ್ಲಬಾರದು. ಅದನ್ನು ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್‌ನ ಒಳಗೆ ಹಾಕಬೇಕು, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸಬೇಕು. ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಬ್ಯಾಡ್ಜನ್ನು ಎಕ್ಸ್‌ರೇ ಕೋಣೆಯ ಮೊಳೆಗೆ ನೇತುಹಾಕಿ ಹೋದರೆ ಗೋಡೆಗೆ ಬಿದ್ದ ವಿಕಿರಣ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಲ್ಯಾಬ್ ಓದಿದವರು ಸ್ವಂತ ಲ್ಯಾಬ್ ತೆರೆಯಬೇಕಾದರೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ನೋಂದಣಿ ಬೇಕು. ಡಿಎಂಎಲ್‌ಟಿ ಪ್ರಮಾಣಪತ್ರವನ್ನು ಗೋಡೆಗೆ ಹಾಕಿದ ಮಾತ್ರಕ್ಕೆ ವರದಿಗೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ.

ಜನ ಹೊಡೆಯಲು ಬಂದರೆ?

ಮೊದಲು ಗಾಡಿಯ ಬಾಗಿಲು ಹಾಕಿಕೊಂಡು 112ಕ್ಕೆ ಕರೆ ಮಾಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ಕರ್ನಾಟಕದ 2009ರ ಕಾಯ್ದೆ ವೈದ್ಯರು, ದಾದಿಯರ ಜೊತೆ ಪ್ಯಾರಾಮೆಡಿಕಲ್ ಸಿಬ್ಬಂದಿಯನ್ನೂ ಹೆಸರಿಸಿದೆ. ದೂರನ್ನು ಸಂಸ್ಥೆಯ ಮೂಲಕ, ಅದೇ ದಿನ, ಪಿಸಿಆರ್ ಪ್ರತಿಯ ಜೊತೆ ಕೊಡಿ. ಸಿಟ್ಟಿಗೆ ಬಹಳ ಸಲ ತಡವಾಗಿ ಬಂದಿರಿ ಎಂಬುದೇ ಕಾರಣ. ತಲುಪಿದ ಕೂಡಲೇ ರೋಗಿಯ ಹತ್ತಿರ ಬಾಗಿ ಕೈ ಹಿಡಿದು ನಾಡಿ ನೋಡಲು ಶುರು ಮಾಡಿದರೆ ಅರ್ಧ ಸಿಟ್ಟು ಇಳಿಯುತ್ತದೆ.

ಗಲ್ಫ್‌ಗೆ ಹೋಗಬೇಕೆಂದಿದ್ದೇನೆ. ಈಗಿನಿಂದ ಏನು ಮಾಡಬೇಕು?

ಅಲ್ಲಿನ ಲೈಸೆನ್ಸಿಗೆ ಎರಡು ಬಾಗಿಲು: ಪ್ರೋಮೆಟ್ರಿಕ್ ಪರೀಕ್ಷೆ ಮತ್ತು ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ದಾಖಲೆಗಳ ಮೂಲ ಪರಿಶೀಲನೆ. ಪರೀಕ್ಷೆಗೆ ಓದಿ ಪಾಸಾಗಬಹುದು. ಎರಡನೆಯದರಲ್ಲಿ ಅವರು ನೇರವಾಗಿ ನಿಮ್ಮ ಬೋರ್ಡ್, ವಿಶ್ವವಿದ್ಯಾಲಯ, ಹಳೆಯ ಆಸ್ಪತ್ರೆಗೆ ಪತ್ರ ಬರೆಯುತ್ತಾರೆ. ಆಸ್ಪತ್ರೆಯ ಕಚೇರಿ ಉತ್ತರಿಸದಿದ್ದರೆ ನಿಮ್ಮ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಕೆಲಸ ಬಿಡುವಾಗಲೇ ಲೆಟರ್‌ಹೆಡ್ ಮೇಲೆ ಹುದ್ದೆ, ಸೇರಿದ ದಿನ, ಬಿಟ್ಟ ದಿನ, ವಿಭಾಗ, ಪೂರ್ಣಾವಧಿ ಎಂಬ ಪದ, ಸಹಿ ಮಾಡಿದವರ ಹುದ್ದೆ ಮತ್ತು ಕಚೇರಿಯ ಇಮೇಲ್ ಇರುವ ಪತ್ರ ಪಡೆಯಿರಿ. ಸಂಬಳವನ್ನು ನಗದಿನಲ್ಲಿ ತೆಗೆದುಕೊಳ್ಳದೆ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಪಿಎಫ್ ದಾಖಲೆ ಇದ್ದರೆ ಇನ್ನೂ ಗಟ್ಟಿ. ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ ರೂ. 30,000 ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿ ರಸೀದಿ ಕೊಡಲೊಪ್ಪದವರಿಗೆ ಪಾಸ್‌ಪೋರ್ಟ್ ಆಗಲಿ, ಮೂಲ ಅಂಕಪಟ್ಟಿಗಳಾಗಲಿ ಒಂದು ದಿನದ ಮಟ್ಟಿಗೂ ಕೊಡಬೇಡಿ.